ಇನ್ಸ್‌ಪೆಕ್ಟರಮ್ಮನ ನೀಲಿ ಕೈ

ಹಳೇ ಮನೆ ರಿಪೇರಿಗೆ ಇಳಿದವರಿಗೆ ಗೊತ್ತು, ಒಂದು ಮೊಳೆ ಕಿತ್ತರೆ ನಾಲ್ಕು ಇಟ್ಟಿಗೆ ಉದುರುತ್ತವೆ. ನಮ್ಮ ಕಥೆಯೂ ಅದೇ. ನಾವು ಕೊಂಡದ್ದು ಮೂರು ಕೋಣೆಯ ಹಳೆಯ ಮನೆ. ಬೀದಿಯ ಮರಗಳು ಆಗಲೇ ಎಲೆ ಉದುರಿಸತೊಡಗಿದ್ದವು. ಚಳಿ ಬರುವುದರೊಳಗೆ ಕಿಟಕಿ, ಬಾಗಿಲುಗಳಿಗೆ ಹೊಸ ಬಣ್ಣ ಬೀಳಬೇಕಿತ್ತು. ಹೊರಗಿನಿಂದ ಪೇಂಟರನ್ನು ಕರೆಸುವ ಮಾತೇ ಇರಲಿಲ್ಲ. ನಮ್ಮ ಮಾವನವರೇ ನಲವತ್ತು ವರ್ಷ ಬಣ್ಣ ಬಳಿದ ಮೇಸ್ತ್ರಿ.

ಅವರ ಜೊತೆಗೆ ಒಂದೂವರೆ ವರ್ಷದ ನನ್ನ ಮಗಳು. ಬೆಳಿಗ್ಗೆ ಎದ್ದೊಡನೆ ತಪ್ಪುಹೆಜ್ಜೆ ಇಡುತ್ತಾ ಕೋಣೆ ಕೋಣೆಗೂ ಹೋಗಿ, ಗೋಡೆ ಮುಟ್ಟಿ, ಕಿಟಕಿ ತಟ್ಟಿ ಬರುವುದು ಅವಳ ದಿನಚರಿ. ಹಾಗಾಗಿ ಅವಳಿಗೆ ಇನ್ಸ್‌ಪೆಕ್ಟರಮ್ಮ ಎಂದೇ ಹೆಸರು. ಮಾವ ಹಳೆಯ ಬ್ರಷ್ಷೊಂದರ ಹಿಡಿ ಕೊಯ್ದು ಅವಳ ಪುಟ್ಟ ಅಂಗೈ ಅಳತೆಗೆ ಮಾಡಿಕೊಟ್ಟಿದ್ದರು. ಅವರು ಕಿಟಕಿಯ ಹಳೇ ನೀಲಿ ಬಣ್ಣವನ್ನು ಪರಪರ ಕೆರೆಯುತ್ತಿದ್ದರೆ, ಇವಳು ಕೆಳಗೆ ಕೂತು ಒಣ ಬ್ರಷ್ಷಿನಿಂದ ಗೋಡೆ ಸವರುತ್ತಿದ್ದಳು. ಸವರಿ ಬೇಸರವಾದರೆ ಬ್ರಷ್ ಬಾಯಿಗೆ. ಅಜ್ಜ ಮೊಮ್ಮಗಳ ಜೋಡಿ ನೋಡಿ ನನಗೋ ಹಿಗ್ಗೇ ಹಿಗ್ಗು. ಫೋಟೊ ಕೂಡ ತೆಗೆದಿದ್ದೆ.

ಲಸಿಕೆಯ ದಿನ ನೆನಪಿಸಲು ಬಂದ ದಾದಿ ಬಾಗಿಲಲ್ಲೇ ನಿಂತುಬಿಟ್ಟರು.

"ಮಗು ಇರೋ ಕೋಣೇಲೇ ಬಣ್ಣ ಕೆರೀತಿದ್ದೀರಾ? ಅದೂ ಕಿಟಕಿ ಮುಚ್ಕೊಂಡು?"

"ಗಾಳಿಗೆ ಒಣಗಿದ ಎಲೆಯೆಲ್ಲಾ ಒಳಗೆ ಬರುತ್ತಲ್ಲ ಅಕ್ಕ, ಅದಕ್ಕೇ ಮುಚ್ಚಿದ್ದೀವಿ," ಎಂದೆ.

"ಎಲೆ ಬಂದ್ರೆ ಬರ್ಲಿ ಬಿಡಮ್ಮ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಸೀಸ ಅಂದ್ರೆ ವಿಷ. ಅದರ ಧೂಳು ಮಗು ಹೊಟ್ಟೆಗೆ ಹೋದ್ರೆ ಬೆಳೆಯೋ ಮಿದುಳಿಗೇ ಏಟು."

ಮಾವ ಏಣಿಯ ಮೇಲಿಂದಲೇ ನಕ್ಕರು. "ನಲವತ್ತು ವರ್ಷ ಇದೇ ಧೂಳು ಕುಡಿದಿದ್ದೀನಿ. ಗುಂಡುಕಲ್ಲಿನ ಹಾಗಿದ್ದೀನಿ!"

"ಹೊಟ್ಟೆ ಹಿಡ್ಕೊಂಡು ತಿಂಗಳಿಗೊಂದು ಸಲ ನಮ್ಮ ಆಸ್ಪತ್ರೆಗೆ ಬರ್ತೀರಲ್ಲ, ಅದೇನು?"

"ಅದು ವಾಯು," ಎಂದರು ಮಾವ. "ಆಮೇಲೆ ಕೇಳಿ, ಬೆಳಿಗ್ಗೆಯಿಂದ ಮೂರು ಸಲ ಗುಡಿಸಿದ್ದೀನಿ. ಈ ನೆಲದಲ್ಲಿ ಒಂದು ಚಿಟಿಕೆ ಧೂಳು ತೋರಿಸಿ, ನೋಡೋಣ."

ದಾದಿ ವಾದ ಮಾಡಲಿಲ್ಲ. ಚೀಲದಿಂದ ಬಿಳಿ ಬಟ್ಟೆ ತೆಗೆದು ಒದ್ದೆ ಮಾಡಿದರು. ಅದರ ಒಂದು ತುದಿಯಿಂದ ನೆಲ ಒರೆಸಿದರು. ಇನ್ನೊಂದು ತುದಿಯಿಂದ ನನ್ನ ಮಗಳ ಅಂಗೈ ಒರೆಸಿದರು. ಎರಡೂ ತುದಿ ನೀಲಿ.

"ಒಣ ಪೊರಕೆ ಧೂಳನ್ನ ತೆಗೆಯಲ್ಲ ಮೇಸ್ತ್ರಿ, ಎಬ್ಬಿಸುತ್ತೆ ಅಷ್ಟೆ."

"ಆದ್ರೆ ಮಗು ಚುರುಕಾಗೇ ಇದ್ದಾಳಲ್ಲ?" ಎಂದು ಕೇಳಿದೆ.

"ಮೇಲ್ನೋಟಕ್ಕೆ ಏನೂ ಕಾಣಲ್ಲಮ್ಮ. ರಕ್ತ ಪರೀಕ್ಷೆ ಮಾಡಿಸು."

ಮಾವನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಮಗೂಗೆ ಸೂಜಿ ಚುಚ್ಚೋಕೆ ಒಂದು ನೆಪ," ಎಂದು ಗೊಣಗಿದರು. ನಾನು ಕೇಳಲಿಲ್ಲ, ಮರುದಿನವೇ ಪರೀಕ್ಷೆ ಮಾಡಿಸಿದೆ. ಮಗಳನ್ನು ಆ ಕೋಣೆಗೆ ಬಿಡುವುದನ್ನೂ ನಿಲ್ಲಿಸಿದೆ. ವಾರ ಕಳೆದು ಫಲಿತಾಂಶ ಬಂತು. ರಕ್ತದಲ್ಲಿ ಸೀಸ ಸಿಕ್ಕಿತ್ತು, ಅದೂ ಡಾಕ್ಟರು ಸುಮ್ಮನೆ ಬಿಡುವಷ್ಟು ಕಡಿಮೆಯಲ್ಲ.

ಮಾವನಿಗೆ ಓದಿ ಹೇಳಿದೆ. ಅವರು ಏಣಿಯಿಂದ ಇಳಿದು ಕೆಳಗಿನ ಮೆಟ್ಟಿಲ ಮೇಲೇ ಕೂತರು.

"ನನ್ನ ಕೈಯಾರೆ ಬ್ರಷ್ ಮಾಡಿಕೊಟ್ಟೆನಲ್ಲಮ್ಮ."

ಅವರ ಮೇಲೆ ಕೂಗಾಡಬೇಕೆಂದೇ ಬಂದಿದ್ದೆ. ಆದರೆ ಫೋಟೊ ತೆಗೆದವಳು ನಾನೇ ಅಲ್ಲವೇ? ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು.

ಸಂಜೆ ದಾದಿ ಬಂದಾಗ ಮಾವ ಎದ್ದು ನಿಂತು ಒಂದು ಮಾತು ಕೇಳಿದರು. ನಲವತ್ತು ವರ್ಷದಲ್ಲಿ ಯಾರನ್ನೂ ಕೇಳದ ಮಾತು.

"ಹೇಗೆ ಕೆರೀಬೇಕು, ಹೇಳಿಕೊಡಿ ತಾಯಿ."

"ಬೇಗ ಗೊತ್ತಾಯ್ತು, ಅದೇ ದೊಡ್ಡದು," ಎಂದರು ದಾದಿ. "ಮೊದಲು ತಾಯಿ ಮಗು ಬೇರೆ ಕಡೆ ಇರ್ಲಿ. ಊಟಕ್ಕೆ ಮುಂಚೆ, ಮಲಗೋ ಮುಂಚೆ ಸೋಪು ಹಾಕಿ ಮಗು ಕೈ ತೊಳೀಬೇಕು. ಹೊಟ್ಟೆ ಖಾಲಿ ಬಿಡಬೇಡಿ, ಹಾಲು, ಸೊಪ್ಪು, ಕಾಳು ಕೊಡಿ. ಇಲ್ಲಿ ಕೆಲಸ ಮಾಡೋ ಕೋಣೆ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಬಣ್ಣಕ್ಕೆ ನೀರು ಚಿಮುಕಿಸಿ, ಒದ್ದೆ ಇರೋವಾಗಲೇ ಕೆರೀರಿ. ಗುಡಿಸಬೇಡಿ, ಒದ್ದೆ ಬಟ್ಟೇಲಿ ಒರೆಸಿ. ಒಳ್ಳೇ ಮಾಸ್ಕ್ ಹಾಕ್ಕೊಳ್ಳಿ. ಕೆಲಸದ ಬಟ್ಟೆ ಬಿಚ್ಚಿಟ್ಟು, ಸ್ನಾನ ಮಾಡಿ, ಆಮೇಲೆ ಮೊಮ್ಮಗಳನ್ನ ಎತ್ಕೊಳ್ಳಿ. ಹಾಗೇ ನಿಮ್ಮ ರಕ್ತಾನೂ ಪರೀಕ್ಷೆ ಮಾಡಿಸಿ."

ಮಗಳನ್ನು ಕರೆದುಕೊಂಡು ನಾನು ನನ್ನ ಸ್ವಂತ ಅಕ್ಕನ ಮನೆಗೆ ಹೋದೆ. ಮಾವನ ರಕ್ತದಲ್ಲೂ ಸೀಸ ಸಿಕ್ಕಿತು. ಪಾಪ, ಇಷ್ಟು ವರ್ಷ ಆ ಹೊಟ್ಟೆನೋವನ್ನು ವಾಯುವಿನ ತಲೆಗೇ ಕಟ್ಟಿದ್ದರು! ಮಿಕ್ಕ ಕಿಟಕಿಗಳನ್ನು ಅವರೇ ನೀರು ಚಿಮುಕಿಸಿ ಕೆರೆದರು. ನೆಲ ಒರೆಸಿದರು, ನೀರು ಬದಲಿಸಿ ಮತ್ತೆ ಒರೆಸಿದರು. ಬೀದಿಯ ಮರಗಳೆಲ್ಲ ಬೋಳಾಗುವ ಹೊತ್ತಿಗೆ ಹೊಸ ಬಣ್ಣ ಒಣಗಿತ್ತು. ಮಾವ ದಾದಿಯನ್ನು ಕರೆದು, "ಈಗ ಒರೆಸಿ ನೋಡಿ," ಎಂದರು.

ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಆದರೂ ದಾದಿ, "ಬಟ್ಟೆ ಹೇಳಿದ್ರೆ ಸಾಲದು, ರಕ್ತ ಹೇಳಬೇಕು," ಎಂದರು.

ಮೂರು ತಿಂಗಳಾದ ಮೇಲೆ ರಕ್ತವೂ ಹೇಳಿತು. ಸೀಸ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಇನ್ನೂ ಇಳಿಯುತ್ತದೆ ಎಂದರು ಡಾಕ್ಟರು. ನನಗೆ ಹೋದ ಜೀವ ಬಂದಂತಾಯಿತು. ಮಾವ ಆಸ್ಪತ್ರೆಯ ಮುಂದೆಯೇ ಮೊಮ್ಮಗಳನ್ನು ಹೆಗಲಿಗೇರಿಸಿ ಕುಣಿದರು. ನೋಡಿದವರು ನಕ್ಕರು, ನಕ್ಕರೆ ನಗಲಿ! ಮನೆಗೆ ಬಂದ ಇನ್ಸ್‌ಪೆಕ್ಟರಮ್ಮ ಕಿಟಕಿ ಕಿಟಕಿಯನ್ನೂ ತಟ್ಟಿ ನೋಡಿದಳು. ಮಾವ ಅವಳಿಗೆ ಹೊಚ್ಚ ಹೊಸ ಬ್ರಷ್ಷನ್ನೂ ಒಂದು ಲೋಟ ಶುದ್ಧ ನೀರನ್ನೂ ಕೊಟ್ಟರು.

ಈಗ ಮಾವ ದಿನಾ ಬೆಳಿಗ್ಗೆ ಬಣ್ಣದಂಗಡಿಯ ಮುಂದೆ ನಿಂತು ಪೇಂಟರುಗಳಿಗೆ ಪಾಠ ಹೇಳುತ್ತಾರೆ. ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ. "ನನಗೇನೂ ಆಗಿಲ್ಲ ಅಂತ ನಾನೂ ಅಂತಿದ್ದೆ ಕಣ್ರಯ್ಯಾ," ಎಂದು ಶುರು ಮಾಡಿದರೆ ಮುಗಿಯುವುದೇ ಇಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಬಣ್ಣದ ಕೆಲಸ ಬರುತ್ತದೆ. ಹಳೇ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ಮಗು ಆ ಧೂಳಿನಲ್ಲಿ ಆಡಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ, ರಕ್ತ ಪರೀಕ್ಷೆ ಮಾಡಿಸಿ. ಕೆರೆಯುವ ಮೊದಲು ನೀರು. ಅದಕ್ಕೂ ಮೊದಲು, ಮಗು ಹೊರಗೆ.