ಬಲಹುಬ್ಬಿನ ಬರೆ

ತೇಜಸ್ವಿನಿಯ ಬಲಹುಬ್ಬು ಮುಗಿಯುವ ಕಡೆ ಕಡಲೆಕಾಳಿನಗಲದ ಒಂದು ಕಲೆ ಇತ್ತು. ಅಲ್ಲಿ ಕೂದಲು ಹುಟ್ಟುತ್ತಿರಲಿಲ್ಲ. ಚರ್ಮ ನುಣ್ಣಗೆ, ಸ್ವಲ್ಪ ತಗ್ಗಾಗಿ, ಬೆವರಿದಾಗ ಮಿಂಚುತ್ತಿತ್ತು. ಚಿಕ್ಕವಳಿದ್ದಾಗ ಕೇಳಿದರೆ ಅಜ್ಜಿ ಪಿಳ್ಳಮ್ಮ, "ದೃಷ್ಟಿ ತಾಗದೇ ಇರ್ಲಿ ಅಂತ ಇಟ್ಟಿದ್ದು, ಹೋಗೇ" ಎನ್ನುತ್ತಿದ್ದಳು. ತೇಜಸ್ವಿನಿ ಹೈಸ್ಕೂಲಿನಲ್ಲಿರುವಾಗಲೇ ತಾಯಿ ತೀರಿಕೊಂಡಿದ್ದರಿಂದ ಇನ್ಯಾರನ್ನೂ ಕೇಳುವ ಹಾಗಿರಲಿಲ್ಲ. ಹುಬ್ಬಿಗೆ ಒಂದಿಷ್ಟು ಕಾಡಿಗೆ ತೀಡಿದರೆ ಕಲೆ ಮುಚ್ಚಿಹೋಗುತ್ತಿತ್ತು. ಅದರಾಚೆಗೆ ಅವಳು ಯೋಚಿಸಿದ್ದೂ ಇಲ್ಲ.

ತೊಂಬತ್ತೆಂಟರ ಬೇಸಿಗೆಯಲ್ಲಿ ಹನುಮಂತನಗರದಿಂದ ಸಂಬಂಧ ಬಂತು. ಹುಡುಗ ಮುನಿಕೃಷ್ಣ, ಸ್ಕೂಟರಿನ ಬಿಡಿಭಾಗಗಳ ಅಂಗಡಿ ಇಟ್ಟವನು. ತೇಜಸ್ವಿನಿ ಬಿ.ಕಾಂ. ಮುಗಿಸಿ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದಳು. ಅಪ್ಪ ಧರ್ಮರಾಜು ಮತ್ತು ಅಣ್ಣ ಧರ್ಮೇಂದ್ರ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ನಡೆಸುತ್ತಿದ್ದರು. ಎರಡೂ ಮನೆಯವರು ಒಂದೇ ಜನ, ದೂರದ ನೆಂಟರು. ಮುನಿಕೃಷ್ಣ ಅವಳನ್ನು ನೋಡಿದ ಕೂಡಲೇ ಒಪ್ಪಿದ್ದ, ಅವಳಿಗೂ ಅವನು ಹಿಡಿಸಿದ್ದ. ಹೂ ಮುಡಿಸುವ ಶಾಸ್ತ್ರಕ್ಕೆಂದು ಅವನ ತಾಯಿ ನರಸಮ್ಮ ಮಲ್ಲಿಗೆ ದಂಡೆ ಹಿಡಿದು ಹತ್ತಿರ ಬಂದವರು, ಅವಳ ಗಲ್ಲ ಎತ್ತಿ ಹುಬ್ಬನ್ನೇ ನೋಡುತ್ತಾ ನಿಂತರು.

"ಇದು ಬರೆ ಅಲ್ವಾ, ಪಿಳ್ಳಮ್ಮಕ್ಕ?"

"ಹೂಂ ಕಣಮ್ಮ. ಎಳೇ ಮಗು ಇದ್ದಾಗ ಒಂದ್ಸಲ ಮೂರ್ಛೆ ಬಂದಿತ್ತು. ನಾನೇ ಇಟ್ಟೆ. ಅವತ್ತಿಂದ ಇವತ್ತಿನವರೆಗೂ ಮತ್ತೆ ಬಂದಿಲ್ಲ ನೋಡು."

ಪಿಳ್ಳಮ್ಮ ಅದನ್ನು ಹೆಮ್ಮೆಯಿಂದಲೇ ಹೇಳಿದ್ದಳು. ನರಸಮ್ಮ ಹೂ ಮುಡಿಸಿದರು, ಕಾಫಿ ಕುಡಿದರು, ನಗುನಗುತ್ತಲೇ ಹೊರಟರು. ಆ ವಾರದ ಕೊನೆಗೆ, ಜಾತಕ ಕೂಡಿಬರುವುದಿಲ್ಲ ಎಂದು ಹೇಳಿಕಳಿಸಿದರು.

ಜಾತಕವನ್ನು ಮೊದಲೇ ತೋರಿಸಿ ಆಗಿತ್ತು. ನಿಜವಾದ ಕಾರಣವನ್ನು ಮುನಿಕೃಷ್ಣನೇ ಪ್ರೆಸ್ಸಿನ ಬಾಗಿಲಿಗೆ ಬಂದು ಹೇಳಿದ. "ನಂಗೇನೂ ಇಲ್ಲ, ತೇಜಸ್ವಿನಿ. ಅಮ್ಮಂಗೇ ಭಯ. ಹುಟ್ಟೋ ಮಕ್ಕಳಿಗೂ ಬರುತ್ತೆ ಅಂತಾರೆ. ನಿಂಗೆ ಫಿಟ್ಸ್ ಇಲ್ಲ ಅಂತ ಡಾಕ್ಟರ್ ಹತ್ರ ಒಂದು ಸರ್ಟಿಫಿಕೇಟ್ ಮಾಡಿಸ್ಕೊಂಡು ಬಾ, ನಾನು ಒಪ್ಪಿಸ್ತೀನಿ."

"ನೀವು ನಿಮ್ಮ ಸರ್ಟಿಫಿಕೇಟ್ ತರ್ತೀರಾ?" ಎಂದಳು ತೇಜಸ್ವಿನಿ. ಅವನು ತಲೆ ತಗ್ಗಿಸಿ ಸ್ಕೂಟರ್ ಹತ್ತಿದ. ಅವನು ತಿರುವಿನಲ್ಲಿ ಮರೆಯಾದ ಮೇಲೆ ಅವಳ ಕೈ ತಾನಾಗಿ ಹುಬ್ಬಿನ ಕಡೆಗೆ ಹೋಯಿತು. ತಾನು ಇಷ್ಟು ವರ್ಷ ಮುಖದ ಮೇಲೆ ಏನನ್ನು ಹೊತ್ತು ತಿರುಗಿದ್ದೆ ಎಂದು ತನ್ನ ಜನಕ್ಕೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ತಾನೊಬ್ಬಳೇ.

ಪ್ರೆಸ್ಸಿನ ಕೆಲಸಕ್ಕೆ ಹೋಗುವ ಮೊದಲು ಬೆಳಗ್ಗೆ ಅವಳು ಎನ್.ಆರ್. ಕಾಲೋನಿಯಲ್ಲಿ ಬದರೀನಾರಾಯಣರ ಮನೆಗೆ ಹೋಗುತ್ತಿದ್ದಳು. ಅವರು ಕಾನೂನು ಕಾಲೇಜಿನಲ್ಲಿ ರೋಮನ್ ನ್ಯಾಯಶಾಸ್ತ್ರ ಕಲಿಸಿ ನಿವೃತ್ತರಾದವರು. ಲ್ಯಾಟಿನ್ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಡುವ ಒಂದು ಪದಕೋಶ ಅವರ ಬಹುದಿನದ ಆಸೆ. ಅದನ್ನು ಅಕಾರಾದಿಯಲ್ಲಿ ಅಲ್ಲ, ಮದುವೆ, ಜಮೀನು, ಸಾಲ, ಶಿಕ್ಷೆ ಎಂದು ವಿಷಯವಾರು ಮಾಡುತ್ತಿದ್ದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಅವರು ಹೇಳುವುದು, ಅವಳು ಕಂಪ್ಯೂಟರಿನಲ್ಲಿ ಒತ್ತುವುದು. ಅರ್ಥವಾಗದ ಭಾಷೆಯ ಪದಗಳು ತನ್ನ ಬೆರಳಿನಡಿ ಕನ್ನಡವಾಗುವುದು ಅವಳಿಗೆ ಇಷ್ಟವಿತ್ತು.

ಮುನಿಕೃಷ್ಣ ಬಂದುಹೋದ ಮರುದಿನವೇ ಹೊಸ ಅಧ್ಯಾಯ ಶುರುವಾಯಿತು: ಗುರುತು, ಮುದ್ರೆ, ಬರಹ.

"ಬರ್ಕೋಮ್ಮ. 'ನೋಟಾ'. ಗುರುತು. ನಮ್ಮ ನೋಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದ್ರೂ ಗುರುತು ಇರೋದೇ ನೋಡೋರಿಗೋಸ್ಕರ ಅಲ್ವಾ?" ಬದರೀನಾರಾಯಣರು ಉತ್ಸಾಹದಲ್ಲಿದ್ದರು. "ಮುಂದಿಂದು 'ಇನೂರೆರೆ'. ಸುಟ್ಟು ಅಚ್ಚೊತ್ತು. ಆಮೇಲೆ 'ಸ್ಟಿಗ್ಮಾ'. ಕಾದ ಕಬ್ಬಿಣದ ಬರೆ. ಎರಡನೇ ಅರ್ಥ, ಕಳಂಕ."

ಅವಳು ಒತ್ತುತ್ತಾ ಹೋದಳು.

"ಈಗ ಬರೋದು ಸೊಗಸಾಗಿದೆ ನೋಡು. 'ಲಿಟ್ಟೆರಾಟುಸ್'. ಅಕ್ಷರ ಬಲ್ಲವನು, ವಿದ್ಯಾವಂತ. ಆದ್ರೆ ಗುಲಾಮರ ವಿಷಯಕ್ಕೆ ಬಂದ್ರೆ ಇನ್ನೊಂದರ್ಥ. ಹಣೆ ಮೇಲೆ ಅಕ್ಷರ ಸುಡಿಸ್ಕೊಂಡವನು. ಓಡಿಹೋಗಿ ಸಿಕ್ಕಿಬಿದ್ದವನ ಹಣೆಗೆ ಹಾಗೆ ಬರೆ ಹಾಕ್ತಿದ್ರು. ದಾರೀಲಿ ಅವನು ಕಂಡ್ರೆ, ಓ, ಅಕ್ಷರಸ್ಥರು ಬಂದ್ರು ಅಂತ ತಮಾಷೆ." ಅವರು ಬಾಯ್ತುಂಬ ನಕ್ಕರು.

ಕೀಲಿಗಳ ಸದ್ದು ನಿಂತಿತು.

"ಯಾಕಮ್ಮ, ನಿಲ್ಲಿಸಿಬಿಟ್ಟೆ?"

"ಸರ್, ತನ್ನ ಹಣೆ ಮೇಲೆ ಏನು ಬರ್ದಿದೆ ಅಂತ ಆ ಗುಲಾಮನಿಗೆ ಓದೋಕೆ ಬರ್ತಿತ್ತಾ?"

"ಕೆಲವರಿಗೆ ಬರ್ತಿತ್ತು. ತುಂಬಾ ಜನಕ್ಕೆ ಬರ್ತಿರ್ಲಿಲ್ಲವೇನೋ. ಯಾಕೆ?"

ಕಾಫಿ ತಂದ ಅವರ ಹೆಂಡತಿ ಕೋಕಿಲಾ, ಅವಳ ಮುಖ ನೋಡಿ ಲೋಟವನ್ನು ಮೇಜಿನ ಮೇಲಿಟ್ಟು ಗಂಡನ ಭುಜ ಮುಟ್ಟಿದರು. ಬದರೀನಾರಾಯಣರು ಕನ್ನಡಕ ಸರಿಮಾಡಿಕೊಂಡು ಅವಳ ಕಡೆ ಬಾಗಿದರು. ಇಷ್ಟು ತಿಂಗಳಲ್ಲಿ ಅವರು ಅವಳ ಮುಖವನ್ನು ಗಮನವಿಟ್ಟು ನೋಡಿರಲೇ ಇಲ್ಲ. ಈಗ ಹುಬ್ಬಿನ ಮೇಲಿನ ಬರೆ ಕಂಡಿತು.

"ನಾಳೆ ಬರ್ತೀನಿ, ಸರ್" ಎಂದು ಅವಳು ಎದ್ದುಹೋದಳು. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ಹಾಗೆ ಎದ್ದುಬಂದ ದಿನದ ಸಂಜೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ ಅಜ್ಜಿಯ ಎದುರು ಅವಳು ಕುಕ್ಕರಿಸಿದಳು. "ನನ್ನ ಮುಖಾನೇ ಬೇಕಿತ್ತಾ ಅಜ್ಜಿ ನಿಂಗೆ?"

ಪಿಳ್ಳಮ್ಮನ ಕೈ ನಿಲ್ಲಲಿಲ್ಲ. "ನಿಮ್ಮಪ್ಪನಿಗಿಂತ ಮುಂಚೆ ಎರಡು ಕಳ್ಕೊಂಡಿದ್ದೆ ನಾನು. ಎರಡೂ ಹಿಂಗೇ, ಕೈಕಾಲು ಸೆಟೆದು ನೀಲಿಯಾಗಿ ಹೋದ್ವು. ಬರೆ ಇಡೋಕೆ ಧೈರ್ಯ ಸಾಲದೆ ಕೂತಿದ್ದೆ. ನೀನು ಸೆಟೆದಾಗ ಮತ್ತೆ ಕೂರ್ಲಾ? ನಿಮ್ಮಮ್ಮ ನಿನ್ನ ಕಾಲು ಹಿಡ್ಕೊಂಡು ಅಳ್ತಿದ್ಲು. ಹುಬ್ಬಿನ ನಡುಮಧ್ಯ ಇಡ್ಬೇಕಿತ್ತು. ನನ್ನ ಕೈ ನಡುಗಿ ಪಕ್ಕಕ್ಕೆ ಹೋಯ್ತು."

"ನಂಗೆ ಜ್ವರದ ಫಿಟ್ಸ್ ಬಂದಿರ್ಬೇಕು. ಅದು ತಾನಾಗೇ ಹೋಗ್ತಿತ್ತು."

"ಹೋಗ್ತಿತ್ತು ಅಂತ ನಿಂಗೆ ಗೊತ್ತು. ನಂಗ್ಯಾರು ಹೇಳಿದ್ರು?"

ತೇಜಸ್ವಿನಿಗೆ ಕೂಗಾಡಬೇಕೆನಿಸಿತು. ಆದರೆ ಸಿಪ್ಪೆಯ ರಾಶಿಯ ಹಿಂದೆ ಕೂತ ಆ ಸಣ್ಣ ಹೆಂಗಸಿನ ಮೇಲೆ ಕೂಗುವುದಾದರೂ ಹೇಗೆ? ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತಿಗೆ ಬಿಂದುಶ್ರೀಗೆ ಎಂಟು ತಿಂಗಳ ಹೆಣ್ಣುಕೂಸಿತ್ತು, ರುದ್ರಾಣಿ. ಜುಲೈನಲ್ಲಿ ಅದಕ್ಕೆ ಜ್ವರ ಬಂತು. ಭಾನುವಾರ ಮಧ್ಯಾಹ್ನ, ಗಂಡಸರಿಬ್ಬರೂ ಇನ್ನೂ ಮಂಡಿಯಲ್ಲಿದ್ದಾಗ, ಕೂಸು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು. ಬಿಂದುಶ್ರೀಯ ಕಿರುಚಾಟ ಕೇಳಿ ತೇಜಸ್ವಿನಿ ಓಡಿಬರುವಷ್ಟರಲ್ಲಿ ಪಿಳ್ಳಮ್ಮ ಅರಿಶಿನದ ಕೊಂಬನ್ನು ಎಣ್ಣೆಯಲ್ಲಿ ಅದ್ದಿ ದೇವರ ದೀಪಕ್ಕೆ ಹಿಡಿದಿದ್ದಳು. ಕೊಂಬಿನ ತುದಿ ಕೆಂಡವಾಗಿತ್ತು.

"ಅಜ್ಜಿ, ಬೇಡ!"

"ಸರ್ಕೋ ಆಚೆಗೆ. ತಡ ಆದ್ರೆ ಕೈತಪ್ಪಿ ಹೋಗುತ್ತೆ ಕೂಸು."

"ಬರೆ ಇಟ್ಬಿಡ್ಲಿ ಬಿಡೇ ತೇಜು, ಇಟ್ಬಿಡ್ಲಿ" ಎಂದು ಬಿಂದುಶ್ರೀಯೇ ಅಳುತ್ತಾ ಮಗುವನ್ನು ಮುಂದೊಡ್ಡಿದಳು. ತೇಜಸ್ವಿನಿ ಅದನ್ನು ಅವಳ ತೋಳಿನಿಂದ ಕಿತ್ತುಕೊಂಡು ಬೀದಿಗೆ ಓಡಿದಳು. ತಿರುವಿನಲ್ಲಿ ನಿಂತಿದ್ದ ಆಟೋ ಹತ್ತಿದಾಗ ಬಿಂದುಶ್ರೀ ಬರಿಗಾಲಲ್ಲಿ ಹಿಂದೆಯೇ ಓಡಿಬಂದು ಅದರೊಳಗೆ ಬಿದ್ದಳು. ಮಕ್ಕಳ ಆಸ್ಪತ್ರೆ ಮುಟ್ಟುವ ಮೊದಲೇ ಕೂಸಿನ ಮೈ ಸಡಿಲವಾಗಿತ್ತು. ಅದು ಸತ್ತೇಹೋಯಿತೆಂದು ತಾಯಿ ಎದೆ ಬಡಿದುಕೊಂಡಳು. ತೇಜಸ್ವಿನಿ ಅದರ ಮೂಗಿನ ಹತ್ತಿರ ಕೆನ್ನೆಯಿಟ್ಟು, ಬೆಚ್ಚಗಿನ ಉಸಿರು ತಾಗುವ ತನಕ ತಾನೂ ಉಸಿರು ಬಿಡಲಿಲ್ಲ.

ಡಾಕ್ಟರಮ್ಮ ಜ್ವರ ಇಳಿಸಿ ಕಳಿಸಿದರು. ಮನೆಯಲ್ಲಿ ಎಲ್ಲರೂ ತೇಜಸ್ವಿನಿಯನ್ನು ಹೊಗಳಿದರು, ಪಿಳ್ಳಮ್ಮನೊಬ್ಬಳನ್ನು ಬಿಟ್ಟು.

ಆ ಧೈರ್ಯದಲ್ಲೇ ಅವಳು ಬದರೀನಾರಾಯಣರ ಮನೆಗೆ ಮತ್ತೆ ಹೋದಳು. ಅವರು ಬಾಗಿಲಲ್ಲೇ ನಿಂತು, "ಆ ಅಧ್ಯಾಯಾನ ಬೇರೆ ಯಾರ ಹತ್ರನಾದ್ರೂ ಮಾಡಿಸ್ತೀನಮ್ಮ. ನೀನು ಮುಂದಿಂದು ತಗೋ" ಎಂದರು.

"ಬೇಡ ಸರ್. ನಾನೇ ಮುಗಿಸ್ತೀನಿ."

ಅವರು ಅನುಮಾನಿಸುತ್ತಲೇ ಒಂದು ಪದ ಹೇಳಿದರು. "'ಕೌಟೇರಿಯುಂ'. ಬರೆ ಹಾಕೋ ಕಬ್ಬಿಣ. ಇದನ್ನ ನಾನು ಬಿಟ್ಟಿದ್ದೆ. ವೈದ್ಯರೂ ಇದನ್ನೇ ಬಳಸ್ತಿದ್ರಂತೆ, ಹುಣ್ಣು ಸುಡೋಕೆ, ರಕ್ತ ನಿಲ್ಲಿಸೋಕೆ. ಶಿಕ್ಷೆಗೂ ಅದೇ, ಚಿಕಿತ್ಸೆಗೂ ಅದೇ." ಕನ್ನಡಕ ತೆಗೆದಿಟ್ಟು, "ನಾನು ಅವತ್ತು ನಗಬಾರದಿತ್ತು" ಎಂದರು.

ಅವಳು ಪದವನ್ನು ಒತ್ತಿದಳು. ಅವರ ಮಾತಿನಲ್ಲಿದ್ದ ಸಮಾಧಾನ ಅವಳಿಗೆ ತಿಳಿಯಿತು, ಆದರೆ ಒಳಗಿಳಿಯಲಿಲ್ಲ. ಸುಡಿಸಿಕೊಂಡವರಿಗೆ ಎರಡೂ ಒಂದೇ ಅಲ್ಲವೇ ಎಂದುಕೊಂಡಳು.

ಆಗಸ್ಟಿನಲ್ಲಿ ರುದ್ರಾಣಿಗೆ ಮತ್ತೆ ಫಿಟ್ಸ್ ಬಂತು. ಈ ಸಲ ಜ್ವರ ಇರಲಿಲ್ಲ. ಮತ್ತೆ ಬಂತು. ಇದು ಜ್ವರದ ಫಿಟ್ಸ್ ಅಲ್ಲ, ವರ್ಷಗಟ್ಟಲೆ ಔಷಧಿ ಕೊಡಬೇಕು, ಒಂದು ಹೊತ್ತೂ ತಪ್ಪಿಸುವಂತಿಲ್ಲ ಎಂದರು ಡಾಕ್ಟರಮ್ಮ. ಸಿರಪ್ ಕುಡಿದು ಕೂಸು ದಿನವಿಡೀ ತೂಕಡಿಸುತ್ತಿತ್ತು. ಫಿಟ್ಸ್ ಕಡಿಮೆಯಾದರೂ ಪೂರ್ತಿ ನಿಲ್ಲಲಿಲ್ಲ.

"ಅವತ್ತೇ ಬರೆ ಇಡೋಕೆ ಬಿಟ್ಟಿದ್ರೆ ಮುಗ್ದೋಗ್ತಿತ್ತು" ಎಂದಳು ಪಿಳ್ಳಮ್ಮ, ಅನ್ನದ ತಟ್ಟೆ ನೋಡುತ್ತಾ. ಯಾರೂ ಅವಳನ್ನು ತಡೆಯಲಿಲ್ಲ. ಅಣ್ಣ ಧರ್ಮೇಂದ್ರ ತೇಜಸ್ವಿನಿಯ ಜೊತೆ ಮಾತು ಕಡಿಮೆ ಮಾಡಿದ. ಒಂದು ದಿನ ಅವನೇ, "ಅಷ್ಟು ಓದಿದೀಯ, ಈಗೇನಂತೆ ನಿನ್ನ ಓದು?" ಎಂದು ಕೇಳಿಬಿಟ್ಟ. ಆ ಮಾತು ಅವಳನ್ನು ವಾರಗಟ್ಟಲೆ ಕೊರೆಯಿತು. ಬರೆಯಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಆದರೂ ಕೂಸು ಮಲಗಿದಲ್ಲೇ ಬೆಚ್ಚಿದಾಗಲೆಲ್ಲ, ಅಜ್ಜಿ ಹಾಕಿದ ಬರೆಯಿಂದಲೇ ತಾನು ಉಳಿದೆನೇನೋ ಎಂಬ ಯೋಚನೆ ಸುಳಿಯುತ್ತಿತ್ತು. ಸುಳಿದದ್ದಕ್ಕೆ ತನ್ನ ಮೇಲೇ ಕೋಪ ಬರುತ್ತಿತ್ತು.

ದಸರಾ ಕಳೆದ ಮೇಲೆ ಒಂದು ಬೆಳಗ್ಗೆ ಬಿಂದುಶ್ರೀ ಒಲೆಯ ಮುಂದಿದ್ದಳು. ಅಳುತ್ತಿದ್ದ ರುದ್ರಾಣಿಗೆ ಬಟ್ಟೆ ಬದಲಿಸಲು ತೇಜಸ್ವಿನಿ ಅಂಗಿ ಎತ್ತಿದಳು. ಹೊಕ್ಕುಳಿನ ಪಕ್ಕ ಒಂದು ಹುಣ್ಣು. ದುಂಡಗೆ, ಅಂಚು ಕೆಂಪಾಗಿ, ನಡುವೆ ಕೀವು ತುಂಬಿಕೊಂಡಿತ್ತು.

"ಅತ್ತಿಗೇ!"

ಬಿಂದುಶ್ರೀ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು. ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ.

"ನಾನೇ ಅಜ್ಜಿಗೆ ಹೇಳಿದ್ದು. ಔಷಧಿನೂ ಕೊಡ್ತಿದೀನಿ, ಒಂದು ಹೊತ್ತೂ ತಪ್ಸಿಲ್ಲ. ಇದೂ ಇರ್ಲಿ ಅಂತ." ಅವಳ ದನಿ ಒಡೆಯಿತು. "ಮುಖದ ಮೇಲೆ ಬೇಡ ಅಂದೆ, ತೇಜು. ನಿನ್ನ ನೋಡಿದೀನಲ್ಲ. ಹೊಟ್ಟೆ ಮೇಲಾದ್ರೆ ನಾಳೆ ಯಾರಿಗೂ ಕಾಣಲ್ಲ ಅಂತ."

ತೇಜಸ್ವಿನಿಯ ಕೈ ಮೇಲೆದ್ದಿತ್ತು. ಅತ್ತಿಗೆಗೆ ಹೊಡೆಯುವುದೇ ಬಾಕಿ. ಆದರೆ ಆ ಕೊನೆಯ ಮಾತು ಕೇಳಿ ಕೈ ಹಾಗೇ ಕೆಳಗಿಳಿಯಿತು. ತನ್ನ ಮುಖವನ್ನು ಓದಿ ಇವಳು ಕಲಿತದ್ದು ಇಷ್ಟು: ಬರೆ ಬೇಡ ಎಂದಲ್ಲ, ಕಾಣುವ ಜಾಗದಲ್ಲಿ ಬೇಡ ಎಂದು.

"ಚಪ್ಪಲಿ ಹಾಕ್ಕೊಳ್ಳಿ ಅತ್ತಿಗೆ. ಆಸ್ಪತ್ರೆಗೆ ಹೋಗೋಣ. ಕೀವು ಒಳಗಿಳಿದ್ರೆ ಕಷ್ಟ."

ಹೊರರೋಗಿಗಳ ಕೋಣೆ ಕಿಕ್ಕಿರಿದಿತ್ತು. ಹುಣ್ಣು ಕಂಡದ್ದೇ ಡಾಕ್ಟರಮ್ಮನ ಮುಖ ಕೆಂಪಾಯಿತು. "ತಾಯೇನಮ್ಮಾ ನೀನು? ಕಟುಕರು! ಬೆಂಗಳೂರಲ್ಲಿದ್ಕೊಂಡು ಮಗೂನ ಹಿಂಗೆ ಸುಡ್ತೀರಲ್ಲ, ಮನುಷ್ಯರಾ ನೀವು?" ಸುತ್ತ ಕೂತಿದ್ದ ತಾಯಂದಿರೆಲ್ಲ ತಿರುಗಿ ನೋಡಿದರು. ಬಿಂದುಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಡಾಕ್ಟರಮ್ಮ ಹೇಳುತ್ತಿದ್ದುದನ್ನೆಲ್ಲ ತೇಜಸ್ವಿನಿ ಆಟೋದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಆದರೂ ಈಗ ಅವಳೇ ಅತ್ತಿಗೆಯ ಮುಂದೆ ಬಂದು ನಿಂತಳು.

"ತಪ್ಪಾಗಿದೆ, ಡಾಕ್ಟ್ರೇ. ಇನ್ನು ಆಗದ ಹಾಗೆ ನಾನು ನೋಡ್ಕೋತೀನಿ. ಇವ್ರು ಒಂದು ಹೊತ್ತೂ ಔಷಧಿ ತಪ್ಸಿಲ್ಲ. ಬಯ್ದ್ರೆ ನಾಳೆ ಔಷಧಿಗೂ ಬರಲ್ಲ. ಗಾಯ ನೋಡಿ."

ಡಾಕ್ಟರಮ್ಮ ಅವಳ ಮುಖ ನೋಡಿದರು, ಹುಬ್ಬು ನೋಡಿದರು. ಕೈಗವಸು ತೊಟ್ಟರು. ಗಾಯ ತೊಳೆಯುವಾಗ ಕೂಸು ಚೀರಿತು. ಬಿಂದುಶ್ರೀ ಕಾಲು ಹಿಡಿದಳು, ತೇಜಸ್ವಿನಿ ಕೈ ಹಿಡಿದಳು. ಕೊನೆಗೆ ಡಾಕ್ಟರಮ್ಮ ಸಿರಪ್ಪಿನ ಅಳತೆಯನ್ನು ಸ್ವಲ್ಪ ಹೆಚ್ಚಿಸಿ, ವಾರ ಬಿಟ್ಟು ಕರೆತರಲು ಹೇಳಿದರು. ಫಿಟ್ಸ್ ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದ್ದಕ್ಕೆ, "ಹೇಳೋಕಾಗಲ್ಲ. ತುಂಬಾ ಮಕ್ಕಳಿಗೆ ವಾಸಿಯಾಗುತ್ತೆ" ಎಂದಷ್ಟೇ ಅಂದರು.

ಹೊರಗೆ ಬಂದರೆ ಆಸ್ಪತ್ರೆಯ ಮೆಟ್ಟಿಲ ಪಕ್ಕದಲ್ಲಿ ಪಿಳ್ಳಮ್ಮ ಕೂತಿದ್ದಳು. ಯಾವಾಗ ಹಿಂದೆಯೇ ನಡೆದುಬಂದಳೋ, ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಬಿಂದುಶ್ರೀ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಟೋ ನೋಡಲು ಗೇಟಿನ ಕಡೆ ಹೋದಳು.

ತೇಜಸ್ವಿನಿ ಅಜ್ಜಿಯ ಪಕ್ಕ ಕೂತಳು.

"ಕೂಸಿಗೆ ಹೆಂಗಿದೆ?"

"ಹುಣ್ಣು ಕೀವಾಗಿತ್ತು. ತೊಳ್ದಿದಾರೆ. ವಾರ ಬಿಟ್ಟು ಮತ್ತೆ ಬರ್ಬೇಕು."

ಪಿಳ್ಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ನಾನೂ ಬಂದ್ರೆ ಒಳಗೆ ಬಯ್ತಾರಾ?"

"ಬಯ್ತಾರೆ. ಆದ್ರೂ ಬಾ" ಎಂದಳು ತೇಜಸ್ವಿನಿ. "ಔಷಧಿ ಹೆಂಗೆ ಕೊಡೋದು ಅಂತ ನೀನೂ ಕೇಳಿಸ್ಕೋ. ನಾವಿಬ್ರೂ ಇಲ್ದಾಗ ನೀನೇ ಕೊಡ್ಬೇಕಲ್ಲ."

ಮುದುಕಿ ಏಳಲೆಂದು ಕೈ ಚಾಚಿದಳು. ತೇಜಸ್ವಿನಿ ಅವಳನ್ನು ಎತ್ತಿ ನಿಲ್ಲಿಸಿ, ಬಿಂದುಶ್ರೀ ನಿಂತಿದ್ದ ಕಡೆಗೆ ಮೆಲ್ಲಗೆ ನಡೆಸಿಕೊಂಡು ಹೋದಳು.