ಮೈಮೇಲೆ ಬಂದದ್ದು

ತಂಬೂರಿ ನೆಲಕ್ಕೆ ಬಿತ್ತು, ಹಿಂದೆಯೇ ಮಹೇಂದ್ರನೂ ಬಿದ್ದ. ಕೈಕಾಲು ಸೆಟೆದು ಮೈಯೆಲ್ಲ ಅದುರತೊಡಗಿದ್ದೇ ತಡ, ಹೆಮ್ಮಿಗೆಯ ಗುಡಿಯ ಮುಂದೆ ಪದ ಕೇಳುತ್ತ ಕೂತಿದ್ದ ಜನವೆಲ್ಲ ದಡಬಡನೆ ಎದ್ದು ನಿಂತರು.

"ಬಂದ ಕಣ್ರಪ್ಪ, ಸ್ವಾಮಿ ಬಂದ," ಅಂದ ಪೂಜಾರಿ ದೇವಯ್ಯ. "ಗಂಟೆ ಬಾರಿಸ್ರಲಾ."

ಚಿನ್ನಮ್ಮ ಮಗನತ್ತ ಕೈಮುಗಿದಳು. ಹುಚ್ಚನ ತಾಯಿ ಅನ್ನಿಸಿಕೊಂಡು ಬದುಕಿದವಳು ಅವಳು. ಕಿವಿಯೊಳಗೆ ಯಾರೋ ಬೈಯುತ್ತಾರೆಂದು ಕಬ್ಬಿನ ಗದ್ದೆಯಲ್ಲಿ ಅಡಗಿ ಕೂರುತ್ತಿದ್ದ ಮಗ, ಮೈಸೂರಿನ ಡಾಕ್ಟರ ಗುಳಿಗೆಯಿಂದ ಮನುಷ್ಯನಾಗಿ, ಸತ್ತ ಅಪ್ಪನ ತಂಬೂರಿ ಹಿಡಿದು ಇವತ್ತೇ ಮೊದಲ ಸಲ ಪದಕ್ಕೆ ಕೂತಿದ್ದ. ಅಪ್ಪನ ಮೈಮೇಲೆ ಬರುತ್ತಿದ್ದ ಸ್ವಾಮಿ ಈಗ ಮಗನನ್ನೂ ಆರಿಸಿಕೊಂಡನೆ? ನಿನ್ನೆಯವರೆಗೂ ಅವನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದ ಹೆಂಗಸರೇ ಅವನ ಕಾಲಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

"ನಮ್ ಅಸ ಯಾವಾಗ ಕರ ಆಕ್ತದೆ ಕೇಳ್ರವ್ವ," ಅಂದಳೊಬ್ಬ ಮುದುಕಿ.

"ತಡಿಯಮ್ಮಿ, ಮೊದ್ಲು ಕಣ್ ಬುಡ್ಲಿ."

ಸೊಸೆ ಪಲ್ಲವಿ ಜನರನ್ನು ನೂಕಿಕೊಂಡು ಬಂದಳು. ಗಂಡನ ಮುಷ್ಟಿಗೆ ಯಾರೋ ತುರುಕುತ್ತಿದ್ದ ಬೀಗದ ಕೈ ಕಿತ್ತೆಸೆದು, ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಟವೆಲ್ ಇಟ್ಟಳು.

"ಅತ್ತೆ, ಇದು ಫಿಟ್ಸು. ಗುಳ್ಗೆ ಜಾಸ್ತಿ ಮಾಡ್ದಾಗ್ಲೇ ಡಾಕ್ಟ್ರು ಏಳಿರ್ಲಿಲ್ವಾ, ಒಬ್ಬೊಬ್ರಿಗೆ ಇಂಗಾಯ್ತದೆ, ಆದೇಟ್ಗೆ ಕರ್ಕೊಬನ್ನಿ ಅಂತ? ಮೊನ್ನಿಂದ ಇವ್ರ ಕೈ ಜಗ್ ಜಗ್ ಅಂತಿತ್ತಲ್ಲ?"

"ಬಾಯ್ಮುಚ್ಚವ್ವ," ಅಂದ ದೇವಯ್ಯ. "ಇವತ್ತಿಂದ ಗುಳ್ಗೆಗಿಳ್ಗೆ ಮುಟ್ಟುಸ್ಬ್ಯಾಡಿ, ಮೈಲ್ಗೆ. ಮಡೀಲಿರ್ಲಿ. ಬರೋ ಸೋಮ್ವಾರ ಬೆತ್ತ ಕೊಟ್ಟುಬುಡನ."

ಬೆತ್ತ! ಸ್ವಾಮಿ ಮೈಮೇಲೆ ಬರುವವನ ಕೈಗಷ್ಟೇ ಕೊಡುವ, ಊರೇ ಕೈಮುಗಿಯುವ ಬೆತ್ತ. ಚಿನ್ನಮ್ಮ ತೀರ್ಥದ ಬಿಂದಿಗೆ ಎತ್ತಿಕೊಂಡು ಓಡಿ ಬಂದು ಮಗನ ಪಕ್ಕ ಕುಕ್ಕರಿಸಿದಳು. ಸ್ವಾಮಿ ಏನು ನುಡಿಯುತ್ತಾನೋ ಎಂದು ಕಿವಿಯನ್ನು ಅವನ ಬಾಯಿಗೆ ಒಡ್ಡಿದಳು. ಅದುರಾಟ ನಿಂತಿತ್ತು. ಗೊರಗೊರ ಉಸಿರು ಬಿಟ್ಟರೆ ಬೇರೆ ಮಾತಿಲ್ಲ. ನಾಲಿಗೆ ಕಚ್ಚಿಕೊಂಡು ತುಟಿಯಂಚಿನಲ್ಲಿ ರಕ್ತ. ಪಂಚೆಯ ಮುಂಭಾಗದಲ್ಲಿ ಒದ್ದೆ ನಿಧಾನವಾಗಿ ಹರಡುತ್ತಿತ್ತು.

ಗಂಡನ ಮೈಮೇಲೆ ಬಂದಾಗ ಸ್ವಾಮಿ ಬೈದಿದ್ದ, ನಕ್ಕಿದ್ದ, ಎಲೆಯಡಿಕೆ ಕೇಳಿದ್ದ. ಪಂಚೆ ಒದ್ದೆ ಮಾಡಿರಲಿಲ್ಲ.

ಇನ್ನೊಂದು ಗಳಿಗೆಯಲ್ಲಿ ಊರಿನ ಕಣ್ಣೆಲ್ಲ ಅಲ್ಲಿಗೇ ಬೀಳುತ್ತಿತ್ತು. ಚಿನ್ನಮ್ಮ ಎದ್ದವಳೇ ಬಿಂದಿಗೆಯ ನೀರನ್ನು ಮಗನ ಎದೆಯಿಂದ ಮೊಣಕಾಲಿನವರೆಗೆ ಸುರಿದುಬಿಟ್ಟಳು.

"ಅಬಿಸೇಕ ಕಣ್ರಪ್ಪ," ಎಂದು ಜನ ಉಘೇ ಅಂದರು. ಪಲ್ಲವಿ ಮಾತ್ರ ಅತ್ತೆಯ ಮುಖ ನೋಡಿದಳು.

"ಆಟೋ ತರ್ಸವ್ವ," ಅಂದಳು ಚಿನ್ನಮ್ಮ, "ನರಸೀಪುರಕ್ಕೆ, ಆಸ್ಪತ್ರೆಗೆ."

ಸ್ವಾಮಿ ಬಂದ ಮೈಯನ್ನು ಒಂಟಿಯಾಗಿ ಕಳಿಸಬಾರದೆಂದು ದೇವಯ್ಯನೂ ಹತ್ತಿದ. ಸರಿಸಮ ಕೂರಬಾರದೆಂದು ಸೀಟು ಬಿಟ್ಟು ಮಹೇಂದ್ರನ ಕಾಲ ಬಳಿ ಮುದುರಿಕೊಂಡ. ಊರು ದಾಟುವವರೆಗೂ ಜನ ಆಟೋದ ಹಿಂದೆ ಓಡಿದರು. ಚಿನ್ನಮ್ಮ ಅವರನ್ನೇ ನೋಡುತ್ತ ಕೂತಳು. ಸುಮ್ಮನಿದ್ದರೆ ಸಾಕು, ಸೋಮವಾರಕ್ಕೆ ಬೆತ್ತ ತಾನಾಗಿ ಬರುತ್ತದೆ.

"ದೇವಯ್ಯ," ಅಂದಳು. "ಅದು ಅಬಿಸೇಕ ಅಲ್ಲ ಕಣಪ್ಪ. ಮೊಗ ಪಂಚೇಲೆ ಉಚ್ಚೆ ಉಯ್ಕಂಡಿತ್ತು. ಯಾರೂ ನೋಡ್ದೆ ಇರ್ಲಿ ಅಂತ ನೀರುಯ್ದೆ. ಬಂದಿದ್ದು ಸ್ವಾಮಿ ಅಲ್ಲ. ಗುಳ್ಗೆ ಬುಡ್ಸುದ್ರೆ ತಿರ್ಗ ಕಬ್ಬಿನ್ ಗದ್ದೆಗೆ ಓಯ್ತನೆ ನನ್ ಮಗ. ಕಮ್ಮಿಯೋ ಜಾಸ್ತಿಯೋ, ಡಾಕ್ಟ್ರು ಏಳ್ಲಿ. ನೀನು ಊರೋರ್ಗೆ ಇಂಗೇ ಅಂತ ಏಳು."

ದೇವಯ್ಯ ಹೆಗಲ ವಲ್ಲಿ ತೆಗೆದು ಮಹೇಂದ್ರನ ಪಾದದ ಕುಂಕುಮವನ್ನು ಒಂದೊಂದೇ ಬೆರಳು ಹಿಡಿದು ಒರೆಸಿದ. ಮೊಣಕಾಲ ಮೇಲೆ ಕೈಯೂರಿ ಎದ್ದು ಸೀಟಿನಲ್ಲಿ ಅವನ ಪಕ್ಕ ಕೂತು, ಅತ್ತಿತ್ತ ತೂಗುತ್ತಿದ್ದ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡ.