ಏಲೂರಿನಲ್ಲಿ ಗಾಯಾಳುವಾದದ್ದು

ನನ್ನ ಉದ್ಯೋಗವೇನೆಂದು ಕೇಳಿದವರಿಗೆ ನಾನು ವಿವರಿಸಿ ಮುಗಿಸುವಷ್ಟರಲ್ಲಿ ಅವರ ಕಾಫಿ ಆರಿಹೋಗಿರುತ್ತದೆ. ನಾನು ವರ್ತನಾ ವಿಜ್ಞಾನ ಓದಿದವಳು. ತಮಗೆ ಒಳ್ಳೆಯದೆಂದು ಗೊತ್ತಿದ್ದರೂ ಜನ ಕೆಲವು ಕೆಲಸಗಳನ್ನು ಯಾಕೆ ಮಾಡುವುದಿಲ್ಲ ಎಂಬುದನ್ನು ಅಧ್ಯಯನ ಮಾಡಿ, ಅವರು ಮಾಡುವ ಹಾಗೆ ಮೊಬೈಲ್ ಆ್ಯಪ್‌ಗಳನ್ನೂ ಸರ್ಕಾರದ ಯೋಜನೆಗಳನ್ನೂ ತಿದ್ದಿಕೊಡುವುದು ನನ್ನ ಹೊಟ್ಟೆಪಾಡು. ಬೈಯುವುದಿಲ್ಲ, ದಂಡ ಹಾಕುವುದಿಲ್ಲ. ಗುಂಡಿ ಎಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಮಾತು ಮೊದಲು ಬರಬೇಕು, ಇಂಥವನ್ನು ನೋಡಿಕೊಳ್ಳುತ್ತೇನೆ. ಕಾಸರಗೋಡಿನಲ್ಲಿರುವ ನನ್ನ ಅಮ್ಮ ಚಂದ್ರಾವತಿ ಇದನ್ನು ನೆರೆಮನೆಯವರಿಗೆ, “ನಮ್ಮ ಚೈತನ್ಯಾ ಜನರಿಗೆ ಗೊತ್ತಾಗದ ಹಾಗೆ ಅವರನ್ನು ಒಳ್ಳೆಯವರು ಮಾಡುವುದು” ಎಂದು ಹೇಳುತ್ತಾಳೆ. ಬಹಳ ದಿನ ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ನಮ್ಮ ಕಚೇರಿ ಇರುವುದು ಎರ್ನಾಕುಲಂನಲ್ಲಿ, ಮೆಟ್ರೋ ರೈಲು ಕಿಟಕಿಯ ಮಟ್ಟದಲ್ಲೇ ಹಾದುಹೋಗುವ ಒಂದು ಗಾಜಿನ ಕಟ್ಟಡದಲ್ಲಿ. ಕಳೆದ ವರ್ಷ ಅಲ್ಲಿಗೆ ತಿರುವನಂತಪುರದಿಂದ ಕಮಲಾಕ್ಷಣ್ಣನ ಫೋನ್ ಬಂತು. ಅವರೂ ನಮ್ಮ ಊರಿನ ಕಡೆಯವರೇ. ಮೊದಲು ನನ್ನ ಅಪ್ಪನ ಕೈಕೆಳಗೆ ವಕೀಲಿ ಕಲಿತು, ಆಮೇಲೆ ಸರ್ಕಾರಿ ನೌಕರಿಗೆ ಸೇರಿ, ಈಗ ವಿಪತ್ತು ನಿರ್ವಹಣೆಯ ಕೆಲಸ ನೋಡುವ ಅಧಿಕಾರಿ. ಸಮಸ್ಯೆ ಎರ್ನಾಕುಲಂ ಪಕ್ಕದ ಏಲೂರಿನದ್ದು. ಅಲ್ಲಿ ರಾಸಾಯನಿಕ ಕಾರ್ಖಾನೆಗಳು ಒತ್ತಾಗಿ ನಿಂತಿವೆ. ಅನಿಲ ಸೋರಿದರೆ ಏನು ಮಾಡಬೇಕೆಂದು ಕಲಿಸಲು ಆಗಾಗ ಮಾಕ್ ಡ್ರಿಲ್ ನಡೆಯುತ್ತದೆ, ಜನ ಬರುವುದಿಲ್ಲ.

“ಸೈರನ್ ಆದ ಕೂಡಲೇ ಟಿವಿಯ ಸೌಂಡ್ ಜಾಸ್ತಿ ಮಾಡ್ತಾರೆ ಮಾರಾಯ್ತಿ” ಎಂದರು ಕಮಲಾಕ್ಷಣ್ಣ. “ನಿನ್ನ ವಿಜ್ಞಾನದಲ್ಲಿ ಇದಕ್ಕೆ ಎಂತಾದರೂ ಉಂಟಾ?”

ನನ್ನ ವಿಜ್ಞಾನದಲ್ಲಿ ಎಲ್ಲದಕ್ಕೂ ಇತ್ತು. ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋಗಿ, ಸಮಿತಿಯ ಮುಂದೆ ಪರದೆ ಇಳಿಸಿ, ನಾನು ಹೇಳಿದ್ದು ಇಷ್ಟು: ಜನರನ್ನು ‘ಬರುತ್ತೀರಾ’ ಎಂದು ಕೇಳುವುದೇ ತಪ್ಪು. ಕೇಳಿದರೆ ಅವರು ಯೋಚಿಸುತ್ತಾರೆ, ಯೋಚಿಸಿದರೆ ಬರುವುದಿಲ್ಲ. ವಾರ್ಡಿನ ಸುರಕ್ಷತಾ ಆ್ಯಪ್ ಇರುವವರನ್ನೆಲ್ಲ ನಾವೇ ಸ್ವಯಂಸೇವಕರನ್ನಾಗಿ ಸೇರಿಸಿಬಿಡೋಣ. ‘ಅಭಿನಂದನೆಗಳು! ನೀವೀಗ ಊರಿನ ರಕ್ಷಕರು’ ಎಂದು ಸಂದೇಶ ಹೋಗಲಿ. ಬೇಡವಾದವರು ಬೇಡ ಎನ್ನಲಿ.

“ಬೇಡ ಎನ್ನಲಿಕ್ಕೆ ಜಾಗ ಉಂಟಲ್ಲ?” ಎಂದು ಕಮಲಾಕ್ಷಣ್ಣ ಮೆಲ್ಲಗೆ ಕನ್ನಡದಲ್ಲಿ ಕೇಳಿದರು.

“ಉಂಟು. ಸ್ವಲ್ಪ ಹುಡುಕಬೇಕು.”

“ಹಾಗಾದರೆ ಇಲ್ಲ ಅಂತ ಲೆಕ್ಕ.”

“ಇಲ್ಲ ಕಮಲಾಕ್ಷಣ್ಣ, ಇದಕ್ಕೆ ಸಂಶೋಧನೆ ಉಂಟು” ಎಂದೆ. ಆ ವಾಕ್ಯವನ್ನು ನಾನು ಆಗೆಲ್ಲ ಬೇರೆಯವರು ನಮಸ್ಕಾರ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಂದು ಸಲ ತಿದ್ದಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ. ಡ್ರಿಲ್‌ನಲ್ಲಿ ಗಾಯಾಳುಗಳ ಪಾತ್ರ ಮಾಡುವ ಸ್ವಯಂಸೇವಕರ ಕೊರಳಿಗೆ, ಯಾರನ್ನು ಮೊದಲು ಸಾಗಿಸಬೇಕೆಂದು ತಿಳಿಯಲು ಹಾಕುವ ಕೆಂಪು, ಹಳದಿ, ಹಸಿರು ಪಟ್ಟಿಗಳನ್ನು ನೋಡಿ, ಕೆಂಪು ಕಂಡರೆ ನೋಡಿದವರೂ ಹೆದರುತ್ತಾರೆ, ಹಾಕಿಕೊಂಡವರೂ ಹೆದರುತ್ತಾರೆ ಎಂದೆ. ಈ ಒಂದು ಡ್ರಿಲ್‌ಗೆ ಪ್ರಯೋಗವೆಂದು ಅಗ್ನಿಶಾಮಕ ದಳದವರನ್ನು ಒಪ್ಪಿಸಿ, ಕಣ್ಣಿಗೆ ತಂಪಾದ ತಿಳಿಬಣ್ಣಗಳನ್ನು ಆರಿಸಿದೆ. ಸ್ವಯಂಸೇವಕರಿಗೆ ಕೊಡುವ ಸೂಚನೆಗಳು ಉದ್ದವಾಗಿದ್ದವು. ಉದ್ದವಿದ್ದರೆ ಯಾರೂ ಓದುವುದಿಲ್ಲವೆಂದು ಅರ್ಧಕ್ಕರ್ಧ ಕತ್ತರಿಸಿದೆ. ಹಾಗೆ ಹೋದ ಸಾಲುಗಳಲ್ಲಿ ಒಂದು: ‘ಡ್ರಿಲ್ ನಡುವೆ ನಿಜವಾಗಿಯೂ ಯಾರಾದರೂ ಅಸ್ವಸ್ಥರಾದರೆ, ಎರಡೂ ಕೈ ಮೇಲೆತ್ತಿ “ಇದು ಡ್ರಿಲ್ ಅಲ್ಲ” ಎಂದು ಕೂಗಿ.’ ಓದಿದವರ ಮನಸ್ಸಿನಲ್ಲಿ ಸುಮ್ಮನೆ ಭಯ ಬಿತ್ತುವ ಸಾಲು ಎಂದು ನನಗೆ ಅನಿಸಿತ್ತು.

ಫಲಿತಾಂಶ ಬಂದಾಗ ಕಚೇರಿಯಲ್ಲಿ ಕೇಕ್ ಕತ್ತರಿಸಿದೆವು. ಆ್ಯಪ್ ಇದ್ದವರಲ್ಲಿ ಬಹುತೇಕ ಎಲ್ಲರೂ ಸ್ವಯಂಸೇವಕರು! ಹಿಂದೆ ಬೆರಳೆಣಿಕೆಯ ಜನ ಹೆಸರು ಕೊಡುತ್ತಿದ್ದ ಕಡೆ ಇದು ಪವಾಡವೇ. ನನ್ನ ಫೋಟೋದ ಜೊತೆ ಸುದ್ದಿ ನಮ್ಮ ವೆಬ್‌ಸೈಟಿಗೆ ಏರಿತು.

ಅದರ ಮುಂದಿನ ವಾರ ನನ್ನ ಫೋನಿಗೇ ಸಂದೇಶ ಬಂತು: ‘ಅಭಿನಂದನೆಗಳು! ಭಾನುವಾರದ ಡ್ರಿಲ್‌ನಲ್ಲಿ ನೀವು ಗಾಯಾಳು.’

ಪರೀಕ್ಷೆಗೆಂದು ಏಲೂರಿನ ವಿಳಾಸ ಕೊಟ್ಟು ಆ್ಯಪ್ ಹಾಕಿಕೊಂಡಿದ್ದೆ. ನಡುವೆ ಬಂದ ಸಂದೇಶಗಳನ್ನೆಲ್ಲ ಎಲ್ಲರ ಹಾಗೆ ಓದದೆ ‘ಸರಿ’ ಒತ್ತಿದ್ದೆ. ಈಗ ಬೇಡ ಎನ್ನುವ ಜಾಗ ಹುಡುಕಿದೆ. ಬಚ್ಚಿಟ್ಟವಳು ನಾನೇ ಆದ್ದರಿಂದ ಕೊನೆಗೂ ಸಿಕ್ಕಿತು. ಒತ್ತಿದರೆ, ‘ಅವಧಿ ಮುಗಿದಿದೆ. ನಿಮ್ಮ ಊರು ನಿಮ್ಮನ್ನು ನಂಬಿದೆ’ ಎಂದಿತು. ಎರಡನೆಯ ವಾಕ್ಯವೂ ನನ್ನದೇ.

ಭಾನುವಾರ ಬೆಳಗ್ಗೆ ಏಲೂರಿನ ಮೈದಾನಕ್ಕೆ ಹೋದೆ. ಊರಿಗೆ ಊರೇ ರಕ್ಷಕರಾಗಿದ್ದ ಲೆಕ್ಕದಲ್ಲಿ ಅಲ್ಲಿ ಜಾತ್ರೆಯಂತಿರಬೇಕಿತ್ತು. ಬಂದವರು ಒಂದು ಬಸ್ಸು ತುಂಬುವಷ್ಟೂ ಇರಲಿಲ್ಲ. ಹೆಚ್ಚಿನವರು ವಯಸ್ಸಾದವರು, ಹೆಂಗಸರು. ನನ್ನ ಕೊರಳಿಗೆ ಪಟ್ಟಿ ಹಾಕಿ ಹುಲ್ಲಿನ ಮೇಲೆ ಮಲಗಿಸಿದರು. ಪಟ್ಟಿ ಗುಲಾಬಿಯೋ ಪೀಚ್ ಹಣ್ಣಿನ ಬಣ್ಣವೋ ಎಂದು ಬಿಸಿಲಿನಲ್ಲಿ ನನಗೇ ತಿಳಿಯಲಿಲ್ಲ. ಒಂದಕ್ಕೆ ‘ತುರ್ತು’, ಇನ್ನೊಂದಕ್ಕೆ ‘ಕಾಯಬಹುದು’ ಎಂದರ್ಥ. ಸ್ಟ್ರೆಚರ್ ಹಿಡಿದವರು ಹತ್ತಿರ ಬಂದು, ಪಟ್ಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇರೆಯವರ ಕಡೆ ಹೋದರು.

“ಅಯ್ಯೋ ಶಿವನೇ, ಏನು ಬಿಸಿಲಪ್ಪಾ” ಎಂದಿತು ಪಕ್ಕದ ಗಾಯಾಳು.

“ನೀವು ಕನ್ನಡದವರಾ?” ಎಂದೆ.

“ಮೈಸೂರು ಕಣ್ರೀ. ಜಯಮ್ಮ ಅಂತ. ನಮ್ಮ ಯಜಮಾನರು ಇಲ್ಲೇ ಫ್ಯಾಕ್ಟರೀಲಿ ಇರೋದು.” ಐವತ್ತು ದಾಟಿದ ಹೆಂಗಸು. ಮಲಗಿದಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಮಾತಾಡುತ್ತಿದ್ದರು. “ಇವತ್ತು ನಾನು ಇಲ್ಲಿ ಬಿದ್ದಿರಬೇಕಾದ ದಿನಾನೇ ಅಲ್ಲ. ಮೈಸೂರಲ್ಲಿ ನನ್ನ ತಂಗಿ ಮಗಳ ಸೀಮಂತ. ತಂಗಿ ಹೋಗಿಬಿಟ್ಟಳು, ಎರಡು ವರ್ಷ ಆಯ್ತು. ತಾಯಿ ಜಾಗದಲ್ಲಿ ನಾನೇ ನಿಂತು ಮಡಿಲು ತುಂಬಬೇಕಿತ್ತು.”

“ಹೋಗಬಹುದಿತ್ತಲ್ಲ?”

“ಹೆಂಗ್ರೀ ಹೋಗೋದು? ನೀವು ಗಾಯಾಳು ಅಂತ ಮೊಬೈಲಿಗೆ ಬಂತು. ಸರ್ಕಾರದ್ದು. ನಾನು ಬರದೇ ಹೋಗಿ, ನಾಳೆ ನಮ್ಮ ಯಜಮಾನರಿಗೆ ಕೆಲಸದಲ್ಲಿ ಏನಾದ್ರೂ ತೊಂದರೆ ಆದ್ರೆ?”

“ಬೇಡ ಅನ್ನಲಿಕ್ಕೆ ಅದರಲ್ಲಿ ಒಂದು ಜಾಗ ಉಂಟಂತೆ” ಎಂದೆ. ‘ಅಂತೆ’ ಸೇರಿಸಿದ್ದು ಯಾಕೆಂದು ಕೇಳಬೇಡಿ.

“ಎಲ್ಲಿದೆ? ಮಗಳು ಅಪರ್ಣಾನೂ ಹುಡುಕಿದಳು. ಅದನ್ನ ಯಾರೋ ಬೇಕೂಂತಲೇ ಬಚ್ಚಿಟ್ಟಿದ್ದಾರೆ.”

“ಮರೆತಿರಬಹುದು.”

“ಇಲ್ಲ ಕಣ್ರೀ. ಅಷ್ಟು ಚೆನ್ನಾಗಿ ಬಚ್ಚಿಡೋಕೆ ತುಂಬಾ ಓದಿರಬೇಕು.”

ನನ್ನ ವೃತ್ತಿಯ ಬಗ್ಗೆ ಯಾರೂ ಇಷ್ಟು ಸರಿಯಾಗಿ ಮಾತಾಡಿರಲಿಲ್ಲ. “ಹೌದು, ಎಂಥ ಜನವೋ” ಎಂದು ನಾನೂ ದನಿಗೂಡಿಸಿದೆ. ಬೇಜಾರಿನಲ್ಲಿ ಬೆಳಗ್ಗೆ ತಿಂಡಿಯನ್ನೂ ತಿಂದಿಲ್ಲ ಎಂದರು ಜಯಮ್ಮ. ಆಮೇಲೆ ಸುಮ್ಮನಾದರು.

ಸ್ವಲ್ಪ ಹೊತ್ತಿನಲ್ಲಿ ಸೆರಗು ಜಾರಿತು. ಕಣ್ಣು ಅರೆಮುಚ್ಚಿತ್ತು, ಬಾಯಿ ತೆರೆದಿತ್ತು. ಮನುಷ್ಯರ ವರ್ತನೆಯನ್ನು ಓದುವುದೇ ಕಸುಬಾಗಿರುವ ನಾನು ಅದನ್ನು ನೋಡಿ, ಪಾತ್ರದಲ್ಲಿ ಎಷ್ಟು ಚೆನ್ನಾಗಿ ಮುಳುಗಿದ್ದಾರೆ ಎಂದುಕೊಂಡೆ. ಮೆಚ್ಚುಗೆ ಹೇಳಲು ಕೈ ಮುಟ್ಟಿದಾಗ ಅದು ತಣ್ಣಗೆ ಬೆವೆತಿತ್ತು. “ಜಯಮ್ಮನವರೇ” ಎಂದು ಅಲ್ಲಾಡಿಸಿದೆ. ತಲೆ ಒಂದು ಕಡೆಗೆ ವಾಲಿತು.

ನಾನು ಎದ್ದು ಕೂತು ಕಿರುಚಿದೆ. ಬೇಲಿಯಾಚೆ ನಿಂತು ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಎರಡೂ ಕೈ ಮೇಲೆತ್ತಿ, “ಇದು ಡ್ರಿಲ್ ಅಲ್ಲ! ಡ್ರಿಲ್ ಅಲ್ಲ!” ಎಂದು ಮಲಯಾಳದಲ್ಲಿ ಕೂಗಿದೆ. ಹಾಗೆ ಕೂಗಿದರೆ ಏನರ್ಥವೆಂದು ಯಾರಿಗೂ ಯಾರೂ ಹೇಳಿರಲಿಲ್ಲ. ಒಬ್ಬ ಫೋಟೋ ತೆಗೆದ. ಅಗ್ನಿಶಾಮಕ ದಳದ ಒಬ್ಬರು ಓಡಿಬಂದು, “ಚೇಚಿ, ಕಿಡಕ್ಕೂ, ಕಿಡಕ್ಕೂ” ಎಂದು ಮಲಗಲು ಕೈಸನ್ನೆ ಮಾಡಿದರು. ಜಯಮ್ಮನ ಪಟ್ಟಿ ನೋಡಿ, ಇದು ಕಾಯಬಹುದಾದ ಕೇಸು, ಸರದಿ ಬರುತ್ತದೆ ಎಂದರು.

ಆಗ ನಾನು ಓದಿದ್ದು ಯಾವುದೂ ನೆನಪಿಗೆ ಬರಲಿಲ್ಲ. ಚಪ್ಪಲಿ ಬಿಟ್ಟು ಓಡಿದೆ. ಆಂಬುಲೆನ್ಸಿನ ಬಾಗಿಲು ತೆರೆದಿತ್ತು. ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು ಹಾರ್ನ್ ಒತ್ತಿ ಹಿಡಿದೆ, ಬಿಡಲಿಲ್ಲ. ಸತ್ತಂತೆ ಮಲಗಿದ್ದ ಗಾಯಾಳುಗಳೆಲ್ಲ ಎದ್ದು ನೋಡಿದರು. ದಳದ ಮುಖ್ಯಸ್ಥರು ಕೆಂಡದಂಥ ಮುಖ ಮಾಡಿಕೊಂಡು ಬಂದಾಗ ಅವರ ಮಣಿಕಟ್ಟು ಹಿಡಿದು ಮೈದಾನದುದ್ದಕ್ಕೂ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈಯುತ್ತಿದ್ದವರು ಜಯಮ್ಮನ ಕೆನ್ನೆ ಮುಟ್ಟಿ ನೋಡಿದ್ದೇ ಬೈಗುಳ ನಿಲ್ಲಿಸಿದರು. ಸ್ಟ್ರೆಚರ್ ಬಂತು.

ಬಿಸಿಲು, ಖಾಲಿ ಹೊಟ್ಟೆ, ಸಕ್ಕರೆ ಇಳಿದದ್ದು. ಹೆದರುವಂಥದ್ದೇನಿಲ್ಲ ಎಂದರು ಆಸ್ಪತ್ರೆಯಲ್ಲಿ. ಜಯಮ್ಮನ ಗಂಡ ನಟರಾಜ ಹೆಲ್ಮೆಟ್ ತೆಗೆಯುವುದನ್ನೂ ಮರೆತು ವಾರ್ಡಿನೊಳಗೆ ಬಂದರು. ಬಾಗಿಲಲ್ಲಿ ನಿಂತು ಯಾರನ್ನೂ ಗುರುತಿಸಲಾಗದವರಂತೆ ಹಾಸಿಗೆಗಳನ್ನು ಒಂದೊಂದಾಗಿ ನೋಡಿದರು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಜಯಮ್ಮ ಕಣ್ಣು ಬಿಟ್ಟು ಎರಡು ಲೋಟ ಸಕ್ಕರೆ ನೀರು ಕುಡಿದಾದ ಮೇಲೆ ಹೇಳಿದೆ: “ಆ ಮೆಸೇಜು ಬರೆದದ್ದು ನಾನೇ. ಬೇಡ ಅನ್ನುವ ಜಾಗ ಬಚ್ಚಿಟ್ಟದ್ದೂ ನಾನೇ.”

ಅವರು ಲೋಟ ಕೆಳಗಿಟ್ಟರು.

“ಅಭಿನಂದನೆಗಳು ಅಂತ ಬೇರೆ ಹಾಕಿದ್ರಲ್ರೀ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ತಿರುವನಂತಪುರದ ಸಭೆಗೆ ನನ್ನ ಪರದೆಯ ಚಿತ್ರಗಳು ಮೊದಲೇ ತಯಾರಾಗಿದ್ದವು. ಮೊದಲನೆಯದು ನೋಂದಣಿಯ ಗ್ರಾಫು, ಬೆಟ್ಟದಂತೆ ಏರಿದ್ದು. ಸಮಿತಿಯ ಅಧ್ಯಕ್ಷೆ ತಲೆದೂಗಿ, ಇದನ್ನು ಅಂಬಲಮುಗಳ್‌ನ ರಿಫೈನರಿ ಸುತ್ತಲೂ ಮಾಡೋಣವೇ ಎಂದು ಕೇಳಿದರು. ನಮ್ಮ ಎರ್ನಾಕುಲಂ ಕಚೇರಿಯ ಮುಖ್ಯಸ್ಥೆ ಇಂದುಮತಿ ನನ್ನ ಪಕ್ಕದಲ್ಲೇ ಕೂತು, ಆಗಬಹುದು ಎಂದು ನಕ್ಕರು. ನಾನು ಎರಡನೆಯ ಚಿತ್ರ ತೋರಿಸಲಿಲ್ಲ. ಸೇರಿಸಿದ್ದೇವೆ, ಆದರೆ ಬಂದಿಲ್ಲ, ಬಂದವರು ಹೆದರಿ ಬಂದಿದ್ದಾರೆ ಎಂದೆ. ಪಟ್ಟಿಯ ಬಣ್ಣದ ಕಥೆ, ಕತ್ತರಿಸಿದ ಸಾಲಿನ ಕಥೆ, ಹಾರ್ನ್ ಒತ್ತಿದ ಕಥೆ ಎಲ್ಲ ಹೇಳಿದೆ. ಹಾರ್ನಿನ ಕಡೆ ಬಂದಾಗ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

“ಹಾಗಾದರೆ ಇದು ಫೇಲಾ?” ಎಂದರು ಅಧ್ಯಕ್ಷೆ.

“ಹೌದು ಮೇಡಂ.”

ಆ ಕೋಣೆಯಲ್ಲಿ ಸಲಹೆಗಾರರ ಬಾಯಿಂದ ಆ ಪದ ಹಿಂದೆ ಬಂದಿರಲಿಕ್ಕಿಲ್ಲ. ಚಹಾ ಮತ್ತು ಪಳಂಪೊರಿ ಬಂತು. ಬಾಳೆಹಣ್ಣಿನ ಬಿಸಿ ಬೋಂಡದ ಮುಂದೆ ಸಮಿತಿ ಸ್ವಲ್ಪ ಮೆತ್ತಗಾಯಿತು. ‘ಕಲಿಕೆಯ ಹಂತ’ ಎಂದು ಬರೆದುಕೊಳ್ಳೋಣ ಎಂದು ಅಧ್ಯಕ್ಷೆ ತೀರ್ಪು ಕೊಟ್ಟರು. ಇಂದುಮತಿ ಮಾತ್ರ ಮರಳುವಾಗ ರೈಲಿನಲ್ಲಿ ಎರ್ನಾಕುಲಂವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು.

ಅದಕ್ಕೆ ಮೊದಲು, ಸೆಕ್ರೆಟೇರಿಯಟ್‌ನ ವರಾಂಡದಲ್ಲಿ, ಕಮಲಾಕ್ಷಣ್ಣ ‘ನಾನು ಅವತ್ತೇ ಹೇಳಿದ್ದೆ’ ಎನ್ನುತ್ತಾರೆಂದು ಕಾದೆ. ಅವರು ಹಾಗೆ ಹೇಳಲಿಲ್ಲ.

“ಇನ್ನೆಂತ ಮಾಡುವುದು?” ಎಂದರು.

“ಕೇಳುವುದು. ಮನೆಮನೆಗೆ ಹೋಗಿ, ಬರ್ತೀರಾ ಅಂತ.”

“ಅದಕ್ಕೂ ಸಂಶೋಧನೆ ಉಂಟಾ?”

“ಉಂಟು” ಎಂದು ನೆಲ ನೋಡಿಕೊಂಡು ಹೇಳಿದೆ.

ಪಟ್ಟಿಗಳು ಮತ್ತೆ ಕೆಂಪು, ಹಳದಿ, ಹಸಿರಾದವು. ಕತ್ತರಿಸಿದ ಸಾಲು ಸೂಚನೆಗಳ ಮೊದಲಿಗೇ ಬಂತು. ಆ್ಯಪ್‌ನಲ್ಲಿ ‘ಬೇಡ’ ಎಂಬ ಗುಂಡಿ ‘ಸರಿ’ಯಷ್ಟೇ ದೊಡ್ಡದಾಗಿ ಅದರ ಪಕ್ಕಕ್ಕೆ ಬಂತು. ವಾರ್ಡಿನವರ ಜೊತೆ ನಾನೂ ಏಲೂರಿನ ಗೇಟುಗಳನ್ನು ತಟ್ಟಿದೆ. ಸಾಕಷ್ಟು ಮಂದಿ ಬೇಡ ಎಂದರು. ಕೆಲವರು ಬಾಗಿಲು ತೆರೆಯದೆಯೇ ಬೇಡ ಎಂದರು. ಹೂಂ ಎಂದವರು ಮಾತ್ರ ಎಷ್ಟು ಗಂಟೆಗೆ, ಎಲ್ಲಿಗೆ, ಏನು ತರಬೇಕು ಎಂದು ಕೇಳಿದರು. ಅಂಥ ಪ್ರಶ್ನೆಗಳನ್ನು ಮೊದಲ ಸಲ ಒಬ್ಬರೂ ಕೇಳಿರಲಿಲ್ಲ.

ಜಯಮ್ಮನ ಮನೆಯನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅವರು ಬಾಗಿಲು ತೆರೆದು, ಒಳಗೆ ಕರೆದು, ಕಾಫಿ ಕೊಟ್ಟರು. ತಂಗಿಯ ಮಗಳಿಗೆ ಹೆಣ್ಣುಮಗುವಾಗಿತ್ತು. ಬಾಣಂತನಕ್ಕೆ ಹೋಗಿ ಆಗಷ್ಟೇ ಮರಳಿದ್ದರು. ಫೋಟೋ ತೋರಿಸಿದರು. ಸೀಮಂತದ ಮಾತು ಇಬ್ಬರೂ ಎತ್ತಲಿಲ್ಲ.

“ಮತ್ತೆ ಡ್ರಿಲ್ ಉಂಟು. ಬರ್ತೀರಾ?” ಎಂದೆ.

“ಇಲ್ಲ” ಎಂದರು.

ಕಾರಣ ಹೇಳಲಿಲ್ಲ. ನನ್ನ ತಲೆಯಲ್ಲಿ ‘ಇಲ್ಲ’ವನ್ನು ‘ಹೂಂ’ ಮಾಡುವ ಉಪಾಯಗಳು ತುರಿಕೆಯ ಹಾಗೆ ಎದ್ದವು. ನೆರೆಯವರು ಬರುತ್ತಿದ್ದಾರೆ ಎನ್ನಬಹುದಿತ್ತು. ಬರೀ ಅರ್ಧ ದಿನ ಎನ್ನಬಹುದಿತ್ತು. ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದು, “ಆಯ್ತು” ಎಂದೆ. ಜಯಮ್ಮ ಇನ್ನೇನೋ ಬರುತ್ತದೆಂದು ಕಾಯುತ್ತಿದ್ದವರು ಸ್ವಲ್ಪ ನಿರಾಶರಾದಂತೆ ಕಂಡರು.

“ನಾನು ಬರ್ತೀನಿ ಬಿಡಿ” ಎಂದರು ಒಳಗಿನಿಂದ ನಟರಾಜ.

ಎರಡನೆಯ ಡ್ರಿಲ್‌ಗೆ ಹೆಸರು ಕೊಟ್ಟವರ ಗ್ರಾಫು ಬರೆದರೆ ಬೆಟ್ಟವಿರಲಿ, ದಿಬ್ಬವೂ ಆಗುತ್ತಿರಲಿಲ್ಲ. ಆದರೆ ಹೂಂ ಎಂದವರು ಹೆಚ್ಚುಕಡಿಮೆ ಎಲ್ಲರೂ ಬಂದರು. ಮರದ ನೆರಳಿನಲ್ಲಿ ನೀರು, ಮಜ್ಜಿಗೆ ಹಂಚುವ ಕೆಲಸ ನನಗೆ ಸಿಕ್ಕಿತ್ತು. ಬೇರೇನನ್ನೂ ಮುಟ್ಟಬಾರದೆಂದು ಕಮಲಾಕ್ಷಣ್ಣ ಮೊದಲೇ ಹೇಳಿದ್ದರು. ನಟರಾಜರಿಗೆ ಕೆಂಪು ಪಟ್ಟಿ ಬಂತು. ಭಾರದ ಆಳು. ಸ್ಟ್ರೆಚರ್ ಹಿಡಿದವರು ಅರ್ಧ ಮೈದಾನ ದಾಟುವಷ್ಟರಲ್ಲಿ ಏದುಸಿರು ಬಿಟ್ಟು ಕೆಳಗಿಳಿಸಿದರು. ಬೇಲಿಯಾಚೆ ಕೊಡೆ ಹಿಡಿದು ನೋಡಲು ಬಂದಿದ್ದ ಜಯಮ್ಮ, “ರೀ, ಇಳಿದು ನಡ್ಕೊಂಡ್ ಹೋಗ್ರೀ, ಪಾಪ ಅವರು!” ಎಂದು ಕೂಗಿದರು. ಗಾಯಾಳು ಕಣ್ಣು ತೆರೆಯದೆಯೇ ನಕ್ಕರು, ಹೊಟ್ಟೆ ಕುಲುಕುವಂತೆ. ಸ್ಟ್ರೆಚರ್ ಹಿಡಿದವರಿಗೆ ಮಾತು ತಿಳಿಯದಿದ್ದರೂ ಅವರೂ ನಕ್ಕು, ಕೈ ಉಜ್ಜಿಕೊಂಡು, ಮತ್ತೆ ಎತ್ತಿದರು.